ಸೊನ್ನೆ ಬರುವ ತನಕ

(ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರು ಮತ್ತು ನರ್ಸಿಂಗ್ ವಿದ್ಯಾರ್ಥಿನಿಯರ ಸಭೆಯಲ್ಲಿ ಆಡಿದ ಮಾತುಗಳಿವು. ಕೇಳಿದವರು ಬರೆದುಕೊಡಿ ಎಂದದ್ದಕ್ಕೆ, ಆಡಿದ ಧಾಟಿಯಲ್ಲೇ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲಿ ಎರಡೆರಡು ಬಸ್ಸು ಬದಲಾಯಿಸಿ ಬಂದಿದ್ದೀರಿ. ಹಾಗಾಗಿ ಪೀಠಿಕೆ ಹಾಕುವುದಿಲ್ಲ.

ನಿಮ್ಮ ಚೀಲ ತೆರೆದು ನೋಡಿ. ಒಂದು ಕೆಂಪು ಮಾತ್ರೆಯ ಪಟ್ಟಿ ಇರುತ್ತದೆ. ಬಸುರಿಯರಿಗೆ ಕೊಡುವ ಮಾತ್ರೆ; ಅದರಲ್ಲಿ ಕಬ್ಬಿಣ ಇದೆ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಜೊತೆಗೆ ನಿಶ್ಚಯ್ ಕಿಟ್ ಇರುತ್ತದೆ. ಮೂತ್ರದ ಹನಿ ಹಾಕಿದರೆ ಬಸಿರು ನಿಂತಿದೆಯೋ ಇಲ್ಲವೋ ಹೇಳುತ್ತದೆ. ದಿನಾ ಮುಟ್ಟುವ ವಸ್ತುಗಳು. ಒಂದು ಅಪರೂಪದ ಕ್ಯಾನ್ಸರ್ ಅನ್ನು ಮನುಷ್ಯರು ಹೇಗೆ ಗೆದ್ದರು ಎನ್ನುವ ಕಥೆ ಈ ಎರಡರೊಳಗೇ ಅಡಗಿದೆ. ಆ ಕ್ಯಾನ್ಸರಿನ ಹೆಸರು ಕೋರಿಯೋಕಾರ್ಸಿನೋಮಾ. ಹೆಸರು ಮರೆತರೂ ಚಿಂತೆಯಿಲ್ಲ, ರೋಗವನ್ನು ಮರೆಯಬೇಡಿ.

ಮೊದಲು ನಾನು ಕಳೆದುಕೊಂಡ ಒಬ್ಬ ಹುಡುಗಿಯ ವಿಷಯ ಹೇಳಬೇಕು.

1987ರ ಮಳೆಗಾಲ. ನಾನು ಡಾಕ್ಟರಾಗಿ ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಬಹುದು. ಇಪ್ಪತ್ತೆರಡು ವರ್ಷದ ಸೊಸೆಯನ್ನು ಅತ್ತೆ ಕರೆದುಕೊಂಡು ಬಂದರು. ಮುಟ್ಟು ನಿಂತು ಮೂರು ತಿಂಗಳು, ಹೊಟ್ಟೆ ನೋಡಿದರೆ ಐದು ತಿಂಗಳಷ್ಟು. ವಿಪರೀತ ವಾಂತಿ, ಜೊತೆಗೆ ರಕ್ತಸ್ರಾವ. ಆಗ ನಮ್ಮಲ್ಲಿ ಸ್ಕ್ಯಾನಿಂಗ್ ಇರಲಿಲ್ಲ. ಆದರೆ ರಕ್ತದ ಜೊತೆ ಸಣ್ಣ ಸಣ್ಣ ನೀರ್ಗುಳ್ಳೆಗಳು ಬಿದ್ದಿದ್ದವು, ದ್ರಾಕ್ಷಿ ಗೊಂಚಲಿನ ಹಾಗೆ. ಅದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ನಾವು ಅದಕ್ಕೆ ಮೋಲಾರ್ ಪ್ರೆಗ್ನೆನ್ಸಿ ಅನ್ನುತ್ತೇವೆ. ಬಸಿರು ನಿಂತಿರುತ್ತದೆ, ಮಗು ಇರುವುದಿಲ್ಲ. ಮಾಸು ಆಗಬೇಕಾದ ಅಂಗಾಂಶವೇ ಉಬ್ಬಿ ಗುಳ್ಳೆಗಟ್ಟಿ ಗರ್ಭಕೋಶವನ್ನೆಲ್ಲ ತುಂಬಿಕೊಂಡಿರುತ್ತದೆ.

ನಾನು ಗರ್ಭಕೋಶವನ್ನು ಖಾಲಿ ಮಾಡಿದೆ. ರಕ್ತ ನಿಂತಿತು. ಮೂರನೆಯ ದಿನ ಮನೆಗೆ ಕಳಿಸುವಾಗ ಅತ್ತೆಗೆ ಹೇಳಿದೆ, ತಿಂಗಳಿಗೊಮ್ಮೆ ತಪ್ಪದೆ ಕರೆದುಕೊಂಡು ಬನ್ನಿ ಅಂತ. ಯಾಕೆ ಅಂತ ಹೇಳಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ ಅವಳ ಹೆಸರು, ಗಂಡನ ಹೆಸರು, ಊರಿನ ಹೆಸರು ಬರೆದೆ, ಅಷ್ಟೇ. ಅವರು ಒಂದೇ ಸಲ ಬಂದರು. ಆಗ ಸ್ಲೈಡಿನ ಮೇಲೆ ಮಾಡುವ ಗ್ರಾವಿಂಡೆಕ್ಸ್ ಎನ್ನುವ ಮೂತ್ರ ಪರೀಕ್ಷೆ ಇತ್ತು. ಅದು ನೆಗೆಟಿವ್ ಬಂತು. ನಾನೂ ನಿರಾಳವಾದೆ, ಅವರೂ ನಿರಾಳವಾದರು.

ಐದು ತಿಂಗಳ ನಂತರ ಅವಳನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದರು. ಕೆಮ್ಮಿದರೆ ಬಾಯಿಂದ ರಕ್ತ. "ಟಿಬಿ ಅಂತ ಹೇಳಿ ಔಷಧ ಕೊಟ್ಟಿದ್ರರೀ ಬಾಯಾರ, ಎರಡು ತಿಂಗಳು ತಗೊಂಡ್ಲು, ಕಡಿಮಿ ಆಗವಲ್ದು" ಅಂದರು ಅತ್ತೆ. ಎಕ್ಸ್-ರೇಯಲ್ಲಿ ಎರಡೂ ಪುಪ್ಪುಸದ ತುಂಬ ದುಂಡನೆಯ ಬಿಳಿ ಮಚ್ಚೆಗಳು. ಬೆಂಗಳೂರಿಗೆ ಚೀಟಿ ಬರೆದುಕೊಟ್ಟೆ. ಅವಳು ಬೆಂಗಳೂರು ಮುಟ್ಟಲಿಲ್ಲ.

ಅವಳ ರೋಗಕ್ಕೆ ಆ ಹೊತ್ತಿಗೆ ಮದ್ದು ಸಿಕ್ಕಿ ಮೂವತ್ತು ವರ್ಷ ಆಗಿತ್ತು. ಮದ್ದು ದುಬಾರಿಯದೂ ಅಲ್ಲ. ನನ್ನ ಪಠ್ಯಪುಸ್ತಕದಲ್ಲೇ ಇತ್ತು. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಹಾಗಾದರೆ ಅವಳು ಸತ್ತದ್ದು ಯಾಕೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಈ ರೋಗಕ್ಕಾಗಿ ಬಾಳನ್ನೇ ತೆತ್ತ ಡಾಕ್ಟರರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅದನ್ನೇ ಇವತ್ತು ನಿಮ್ಮ ಮುಂದೆ ಹೇಳುತ್ತೇನೆ.

ಕಥೆ ಶುರುವಾಗುವುದು ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ.

1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಆಗಿನ ಬೊಂಬಾಯಿಗೆ ಬಂದರು. ಗಿರಣಿಗಳಲ್ಲಿ ದುಡಿಯುವ ಬಡ ಹೆಂಗಸರು ಬಸುರಿಯಾದಾಗ ಬಿಳುಚಿಕೊಂಡು, ಏದುಸಿರು ಬಿಟ್ಟು ಸಾಯುತ್ತಿದ್ದರು. ರಕ್ತಹೀನತೆ, ಆದರೆ ಕಬ್ಬಿಣ ಕೊಟ್ಟರೂ ಸರಿಹೋಗದ ರಕ್ತಹೀನತೆ. ವಿಲ್ಸ್ ಅವರು ಆ ಹೆಂಗಸರು ಏನು ಉಣ್ಣುತ್ತಾರೆ ಎಂಬುದನ್ನು ನೋಡಿದರು. ಒಂದೊಂದೇ ಆಹಾರವನ್ನು ಕೊಟ್ಟು ಪರೀಕ್ಷಿಸಿದರು. ಕೊನೆಗೆ ಕೆಲಸ ಮಾಡಿದ್ದು ಮಾರ್ಮೈಟ್, ಅಂದರೆ ಯೀಸ್ಟಿನಿಂದ ತೆಗೆದ, ಬ್ರೆಡ್ಡಿಗೆ ಹಚ್ಚಿ ತಿನ್ನುವ ಅಗ್ಗದ ಸಾರ. ಅದನ್ನು ತಿಂದ ಹೆಂಗಸರ ರಕ್ತ ದಿನಗಳಲ್ಲಿ ಚೇತರಿಸಿಕೊಂಡಿತು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟಿನೊಳಗಿನ ಆ ಗುಟ್ಟಿನ ವಸ್ತುವಿಗೆ ಬಹಳ ಕಾಲ "ವಿಲ್ಸ್ ಅಂಶ" ಎಂದೇ ಹೆಸರಿತ್ತು. ಹತ್ತು ವರ್ಷ ಕಳೆದು ಅಮೆರಿಕದ ವಿಜ್ಞಾನಿಗಳು ಅದೇ ವಸ್ತುವನ್ನು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ, ಎಲೆಯಿಂದ ಬಂದದ್ದು ಎಂಬ ಅರ್ಥದಲ್ಲಿ ಫೋಲಿಕ್ ಆಮ್ಲ ಎಂದು ಕರೆದರು. ನೀವು ಹಂಚುವ ಕೆಂಪು ಮಾತ್ರೆಯಲ್ಲಿ ಆ ಗಿರಣಿಯ ಹೆಂಗಸರ ಪಾಲೂ ಇದೆ.

ಫೋಲಿಕ್ ಆಮ್ಲವಿಲ್ಲದೆ ನಮ್ಮ ಜೀವಕೋಶಗಳು ಒಡೆದು ಎರಡಾಗಲಾರವು. ಹೊಸ ಕೋಶ ಬೇಕೆಂದರೆ ಹೊಸ ಡಿಎನ್‌ಎ ಬೇಕು, ಅದನ್ನು ಕಟ್ಟಲು ಫೋಲಿಕ್ ಆಮ್ಲ ಬೇಕು. ಬಸಿರಿನಲ್ಲಿ ಅದು ಹೆಚ್ಚು ಬೇಕಾಗುವುದು ಇದಕ್ಕೇ. ಹಾಗಾದರೆ ಲಂಗುಲಗಾಮಿಲ್ಲದೆ ಬೆಳೆಯುವ ಕ್ಯಾನ್ಸರ್ ಕೋಶಕ್ಕೆ ಫೋಲಿಕ್ ಆಮ್ಲ ಸಿಗದ ಹಾಗೆ ಮಾಡಿದರೆ?

ಇಲ್ಲಿ ನಮ್ಮವರೇ ಒಬ್ಬರು ಬರುತ್ತಾರೆ. ಯಲ್ಲಾಪ್ರಗಡ ಸುಬ್ಬರಾವ್. ಆಂಧ್ರದ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಹಾರ್ವರ್ಡಿನಲ್ಲಿ ಕೆಲಸ ಮಾಡಿ, ಆಮೇಲೆ ಲೆಡರ್ಲೆ ಎಂಬ ಔಷಧ ಕಂಪನಿಯ ಸಂಶೋಧನೆಯನ್ನು ನಡೆಸಿದವರು. ಅವರ ತಂಡ ಫೋಲಿಕ್ ಆಮ್ಲವನ್ನು ಪ್ರಯೋಗಾಲಯದಲ್ಲೇ ತಯಾರಿಸಿತು. ಆಮೇಲೆ ಅದರದೇ ರೂಪದ, ಆದರೆ ಅದರ ಕೆಲಸ ಮಾಡದ ನಕಲುಗಳನ್ನೂ ತಯಾರಿಸಿತು. ಬೀಗಕ್ಕೆ ಹೊಂದುವ ಆದರೆ ತಿರುಗದ ಕೀಲಿಯನ್ನು ನೆನೆಸಿಕೊಳ್ಳಿ. ಅದು ಒಳಗೆ ಸಿಕ್ಕಿಕೊಂಡರೆ ನಿಜವಾದ ಕೀಲಿಯನ್ನೂ ಹಾಕಲಾಗದು. ಅಂಥ ಒಂದು ನಕಲು ಅಮಿನಾಪ್ಟೆರಿನ್. 1948ರಲ್ಲಿ ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟ ವರದಿ ಪ್ರಕಟಿಸಿದರು. ಹತ್ತು ಮಕ್ಕಳು ಸ್ವಲ್ಪ ಕಾಲ ಚೇತರಿಸಿಕೊಂಡವು, ರೋಗ ಮತ್ತೆ ಮರಳಿತು. ಅಮಿನಾಪ್ಟೆರಿನ್‌ನ ತಮ್ಮನಂಥ ಇನ್ನೊಂದು ನಕಲು ಮೆಥೋಟ್ರೆಕ್ಸೇಟ್. ಸುಬ್ಬರಾವ್ ಅದೇ 1948ರ ಆಗಸ್ಟಿನಲ್ಲಿ ತೀರಿಕೊಂಡರು, 53ರ ವಯಸ್ಸಿನಲ್ಲಿ. ಆ ಮದ್ದು ಒಂದು ಕ್ಯಾನ್ಸರನ್ನು ಬೇರುಸಹಿತ ಕಿತ್ತುಹಾಕುವುದನ್ನು ನೋಡಲು ಅವರು ಉಳಿಯಲಿಲ್ಲ. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ನಿಶ್ಚಯ್ ಕಿಟ್ಟಿನ ಕಡೆ ಬರೋಣ.

ಆ ಪಟ್ಟಿ ಗುರುತಿಸುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಮಾಸಿನ ಕೋಶಗಳು ಅದನ್ನು ಸುರಿಸುತ್ತವೆ, ಅದು ಮೂತ್ರಕ್ಕೆ ಬರುತ್ತದೆ. ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬಿಬ್ಬರು 1920ರ ದಶಕದ ಕೊನೆಯಲ್ಲಿ ಇದರ ಮೊದಲ ಪರೀಕ್ಷೆ ಕಂಡುಹಿಡಿದರು. ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಆಮೇಲೆ ಅವುಗಳ ಅಂಡಾಶಯ ನೋಡಬೇಕಿತ್ತು. ಇಬ್ಬರೂ ಯೆಹೂದಿಗಳು; ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ದೇಶ ಬಿಡಬೇಕಾಯಿತು.

ಕೋರಿಯೋಕಾರ್ಸಿನೋಮಾ ಎಂದರೆ ಮಾಸಿನ ಕೋಶಗಳೇ ಕ್ಯಾನ್ಸರ್ ಆಗುವುದು. ಮಾಸಿನ ಕೋಶಗಳಿಗೆ ತಾಯಿಯ ರಕ್ತನಾಳ ಕೊರೆದು ಒಳಗೆ ಹೋಗುವುದು ಹುಟ್ಟುಗುಣ. ಮಗುವಿಗೆ ಅನ್ನ ತರಲು ಅವು ಹಾಗೆ ಮಾಡಲೇಬೇಕು, ಆಮೇಲೆ ಒಂದು ಹಂತದಲ್ಲಿ ನಿಲ್ಲುತ್ತವೆ. ನಿಲ್ಲದೆ ಹೋದರೆ ರಕ್ತದ ಜೊತೆ ಪುಪ್ಪುಸಕ್ಕೆ, ಮೆದುಳಿಗೆ, ಯಕೃತ್ತಿಗೆ ಹೋಗಿ ನೆಲೆಸುತ್ತವೆ. ಹೋದಲ್ಲೆಲ್ಲ ರಕ್ತ ಸುರಿಸುತ್ತವೆ. ಸುಮಾರು ಅರ್ಧದಷ್ಟು ಸಲ ಇದು ಮೋಲಾರ್ ಬಸಿರಿನ ನಂತರ ಬರುತ್ತದೆ. ಗರ್ಭಪಾತದ ನಂತರವೂ ಬರಬಹುದು, ಚೆನ್ನಾಗಿ ಹೆರಿಗೆಯಾಗಿ ಮಗು ತೊಟ್ಟಿಲಲ್ಲಿ ಆಡುತ್ತಿರುವಾಗಲೂ ಬರಬಹುದು. ಬಲು ಅಪರೂಪ. ಬ್ರಿಟನ್ನಿನ ಲೆಕ್ಕದಲ್ಲಿ ಸುಮಾರು 50,000 ಬಸಿರಿಗೆ ಒಂದು. ಆದರೆ 1956ಕ್ಕೆ ಮುಂಚೆ, ಪುಪ್ಪುಸಕ್ಕೆ ಹರಡಿದ ಮೇಲೆ ಗರ್ಭಕೋಶ ತೆಗೆದರೂ ಹೆಚ್ಚುಕಡಿಮೆ ಎಲ್ಲರೂ ಒಂದು ವರ್ಷದೊಳಗೆ ಸಾಯುತ್ತಿದ್ದರು. ಅವರೆಲ್ಲ ಇಪ್ಪತ್ತು, ಮೂವತ್ತರ ಹೆಂಗಸರು.

ಒಂದು ಮಾತು ಗಮನದಲ್ಲಿಡಿ. ಈ ಕ್ಯಾನ್ಸರ್ ಕೋಶಗಳೂ ಎಚ್‌ಸಿಜಿ ಸುರಿಸುತ್ತವೆ. ಬೇರೆ ಗಡ್ಡೆಗಳು ಅಡಗಿ ಕೂರುತ್ತವೆ, ಇದು ಮಾತ್ರ ತಾನು ಇದ್ದೇನೆ ಎಂದು ಮೂತ್ರದಲ್ಲೇ ಕೂಗಿ ಹೇಳುತ್ತದೆ.

1950ರ ದಶಕದ ಮಧ್ಯಭಾಗ. ಅಮೆರಿಕದ ಬೆಥೆಸ್ಡಾದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ. ಅಲ್ಲಿ ರಾಯ್ ಹರ್ಟ್ಜ್ ಎಂಬ ಹಾರ್ಮೋನ್ ತಜ್ಞ. ಕೋಳಿಮರಿಗಳ ಮೇಲೆ ಕೆಲಸ ಮಾಡುತ್ತಾ ಅವರು ಒಂದು ಸಂಗತಿ ಕಂಡಿದ್ದರು: ಫೋಲಿಕ್ ಆಮ್ಲ ಸಿಗದಿದ್ದರೆ, ಹೆಣ್ಣು ಹಾರ್ಮೋನು ಕೊಟ್ಟರೂ ಮರಿಯ ಅಂಡನಾಳ ಬೆಳೆಯುವುದಿಲ್ಲ. ಅವರ ಜೊತೆ ಸೇರಿದವರು ಮಿನ್ ಚ್ಯು ಲಿ. ಚೀನಾದ ಮುಕ್ಡೆನ್ ಊರಿನವರು, 1947ರಲ್ಲಿ ಅಮೆರಿಕಕ್ಕೆ ಬಂದವರು. ಲಿ ಅದಕ್ಕೆ ಮುಂಚೆ ನ್ಯೂಯಾರ್ಕಿನಲ್ಲಿ ಚರ್ಮದ ಕ್ಯಾನ್ಸರಿನ ರೋಗಿಯೊಬ್ಬರಿಗೆ ಮೆಥೋಟ್ರೆಕ್ಸೇಟ್ ಕೊಟ್ಟಾಗ ಮೂತ್ರದಲ್ಲಿ ಈ ಬಗೆಯ ಹಾರ್ಮೋನು ಇಳಿದದ್ದನ್ನು ಕಂಡಿದ್ದರು. ಗಡ್ಡೆ ಕರಗಿರಲಿಲ್ಲ, ಹಾರ್ಮೋನು ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಪ್ರಯೋಜನವಿಲ್ಲ ಎಂದು ಕಾಗದ ಮಡಚಿಡುತ್ತಿದ್ದರು.

1956ರ ಆಗಸ್ಟಿನಲ್ಲಿ ಕೋರಿಯೋಕಾರ್ಸಿನೋಮಾ ಪುಪ್ಪುಸಕ್ಕೆ ಹರಡಿ ಎದೆಯೊಳಗೇ ರಕ್ತ ಸುರಿಯುತ್ತಿದ್ದ ಯುವತಿಯೊಬ್ಬಳು ಅಲ್ಲಿಗೆ ಬಂದಳು. ಲಿ ಅವಳಿಗೆ ಮೆಥೋಟ್ರೆಕ್ಸೇಟ್ ಕೊಟ್ಟರು. ನಿಲ್ಲಿಸಿ, ಚೇತರಿಸಿಕೊಳ್ಳಲು ಬಿಟ್ಟು, ಮತ್ತೆ ಕೊಟ್ಟರು. ಕೆಲವು ಸುತ್ತುಗಳ ನಂತರ ಎಕ್ಸ್-ರೇಯಲ್ಲಿ ಮಚ್ಚೆಗಳು ಕಾಣಲಿಲ್ಲ. ಪುಪ್ಪುಸಕ್ಕೆ ಹರಡಿದ ಗಡ್ಡೆ, ಚಾಕು ಮುಟ್ಟದೆ, ಬರೀ ಮದ್ದಿಗೆ ಕರಗಿಹೋಗಿತ್ತು. ವೈದ್ಯಕೀಯ ಚರಿತ್ರೆಯಲ್ಲಿ ಅದಕ್ಕೆ ಮುಂಚೆ ಹಾಗಾಗಿರಲಿಲ್ಲ. ಅದೇ ವರ್ಷ ಲಿ, ಹರ್ಟ್ಜ್ ಮತ್ತು ಸ್ಪೆನ್ಸರ್ ಸೇರಿ ವರದಿ ಬರೆದರು.

ಎಲ್ಲರೂ ಹಬ್ಬ ಮಾಡಬೇಕಾದ ಆ ಹೊತ್ತಿನಲ್ಲಿ ಲಿ ಒಂದು ಸಣ್ಣ ಸಂಖ್ಯೆಗೆ ಜೋತುಬಿದ್ದರು. ಎಕ್ಸ್-ರೇ ಶುದ್ಧ, ಹೆಂಗಸು ಎದ್ದು ಓಡಾಡುತ್ತಿದ್ದಾಳೆ, ಆದರೆ ಮೂತ್ರದಲ್ಲಿ ಹಾರ್ಮೋನು ಇನ್ನೂ ತುಸು ಇದೆ. ಅದು ಇದೆ ಎಂದರೆ ಅದನ್ನು ಸುರಿಸುವ ಕೋಶ ಎಲ್ಲೋ ಇರಲೇಬೇಕು ಎಂದು ಅವರ ವಾದ. ಸೊನ್ನೆ ಬರುವ ತನಕ ಮದ್ದು ಕೊಡಬೇಕು ಎಂದರು, ಕೊಟ್ಟರು. ಮೆಥೋಟ್ರೆಕ್ಸೇಟ್ ಹೂವಿನಂಥ ಮದ್ದಲ್ಲ. ಬಾಯೆಲ್ಲ ಹುಣ್ಣಾಗುತ್ತದೆ, ಬಿಳಿ ರಕ್ತಕಣ ಇಳಿಯುತ್ತದೆ. ಕಣ್ಣಿಗೆ ರೋಗವೇ ಕಾಣದ ಹೆಂಗಸಿಗೆ ಮತ್ತೆ ಮತ್ತೆ ವಿಷ ಕೊಡುವುದು ಮನುಷ್ಯರ ಮೇಲೆ ಮಾಡುವ ಪ್ರಯೋಗ ಎಂದು ಮೇಲಿನವರಿಗೆ ಅನ್ನಿಸಿತು. 1957ರಲ್ಲಿ ಲಿ ಆ ಸಂಸ್ಥೆ ಬಿಡಬೇಕಾಯಿತು.

ಅವರನ್ನು ಕಳಿಸಿದವರನ್ನು ಖಳರೆಂದು ನಾನು ಹೇಳುವುದಿಲ್ಲ. ರೋಗ ಕಾಣದಿದ್ದರೆ ಮದ್ದು ನಿಲ್ಲಿಸುವುದು ದಯೆಯ ಮಾತೇ ಅಲ್ಲವೇ? ಆ ಜಾಗದಲ್ಲಿ ನಾನಿದ್ದರೂ ಹಾಗೇ ಯೋಚಿಸುತ್ತಿದ್ದೆನೇನೋ. 1987ರಲ್ಲಿ ನನಗೂ ಹಾಗೇ ಅನ್ನಿಸಿತ್ತು: ರಕ್ತ ನಿಂತಿದೆ, ಹುಡುಗಿ ನಗುತ್ತಿದ್ದಾಳೆ, ಇನ್ನೇನು ಬೇಕು.

ಆದರೆ ವರ್ಷಗಳು ಉರುಳಿದಂತೆ ಲೆಕ್ಕ ಹೊರಬಿತ್ತು. ಹಾರ್ಮೋನು ಸೊನ್ನೆಯಾಗುವ ಮುಂಚೆಯೇ ಮದ್ದು ನಿಲ್ಲಿಸಿದವರಿಗೆ ರೋಗ ಮರಳಿತು. ಸೊನ್ನೆ ಮುಟ್ಟಿಸಿದವರು ಬದುಕಿದರು. ಮೊದಲ ಐದು ವರ್ಷಗಳ ಅನುಭವವನ್ನು ಹರ್ಟ್ಜ್ ತಂಡ 1961ರಲ್ಲಿ ಪ್ರಕಟಿಸಿದಾಗ, ಮೆಥೋಟ್ರೆಕ್ಸೇಟ್ ಪಡೆದ 63 ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ರೋಗದ ಸುಳಿವೇ ಉಳಿದಿರಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಸಾಯುತ್ತಿದ್ದ ರೋಗ ಅದು. 1972ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಪ್ರಶಸ್ತಿಯಾದ ಲಾಸ್ಕರ್ ಪಡೆದವರಲ್ಲಿ ಲಿ, ಹರ್ಟ್ಜ್ ಇಬ್ಬರೂ ಇದ್ದರು. ಲಿ ಅಷ್ಟರಲ್ಲಿ ಬೇರೆ ಕ್ಯಾನ್ಸರುಗಳ ಮೇಲೂ ದುಡಿದಿದ್ದರು. 1980ರಲ್ಲಿ ತೀರಿಕೊಂಡರು.

ಕ್ಯಾನ್ಸರಿನ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ನನ್ನ ಪಾಲಿಗೆ ಕಥೆಯ ತಿರುಳು ಇನ್ನು ಮುಂದೆ ಇದೆ. ಮದ್ದು ಸಿಕ್ಕಿತು, ಸರಿ. ಆ ಮದ್ದು ಬೇಕಾದ ಹೆಂಗಸು ಎಲ್ಲಿದ್ದಾಳೆ? ಅವಳಿಗೇ ಗೊತ್ತಿಲ್ಲ. ಅವಳ ಡಾಕ್ಟರಿಗೂ ಗೊತ್ತಿಲ್ಲ, ಯಾಕೆಂದರೆ ಇಡೀ ಜೀವಮಾನದಲ್ಲಿ ಅವರು ಇಂಥ ರೋಗಿಯನ್ನು ಒಂದೋ ಎರಡೋ ಸಲ ನೋಡಿರುತ್ತಾರೆ.

ಲಂಡನ್ನಿನ ಫುಲ್‌ಹ್ಯಾಮ್ ಆಸ್ಪತ್ರೆಯಲ್ಲಿ ಕೆನೆತ್ ಬ್ಯಾಗ್‌ಶಾ ಎಂಬ ವೈದ್ಯರಿದ್ದರು. ಆ ಆಸ್ಪತ್ರೆಯ ಜಾಗದಲ್ಲೇ ಆಮೇಲೆ ಹೊಸ ಚಾರಿಂಗ್ ಕ್ರಾಸ್ ಆಸ್ಪತ್ರೆ ಎದ್ದಿತು. 1950ರ ದಶಕದ ಕೊನೆಯಿಂದ ಅವರು ಈ ಒಂದು ರೋಗವನ್ನೇ ಹಿಡಿದು ಕೂತರು. ಇಲಿಗಳ ಮೇಲಿನ ಪರೀಕ್ಷೆ ನಿಧಾನ, ಒರಟು. ಸಣ್ಣ ಪ್ರಮಾಣದ ಹಾರ್ಮೋನು ಅದಕ್ಕೆ ಸಿಗುವುದಿಲ್ಲ. ಬ್ಯಾಗ್‌ಶಾ ಅವರ ತಂಡ ವಿಕಿರಣದ ಗುರುತು ಹಚ್ಚಿ ಎಚ್‌ಸಿಜಿಯನ್ನು ಅಳೆಯುವ ನಯವಾದ ವಿಧಾನವನ್ನು ಬೆಳೆಸಿತು. ಗಡ್ಡೆ ಎಕ್ಸ್-ರೇಗೆ ಕಾಣುವ ಹೊತ್ತಿಗೆ ಅದರಲ್ಲಿ ಕೋಟಿಗಟ್ಟಲೆ ಕೋಶಗಳಿರುತ್ತವೆ. ಹಾರ್ಮೋನು ಅದಕ್ಕಿಂತ ಬಹಳ ಮೊದಲೇ ಚಾಡಿ ಹೇಳುತ್ತದೆ. ಯಾರಿಗೆ ಒಂದೇ ಮದ್ದು ಸಾಕು, ಯಾರಿಗೆ ಹಲವು ಮದ್ದು ಬೇಕು ಎಂದು ಅಂಕ ಹಾಕಿ ತೀರ್ಮಾನಿಸುವ ಪದ್ಧತಿಯನ್ನೂ ಅವರು 1976ರಲ್ಲಿ ಮುಂದಿಟ್ಟರು. ಇವತ್ತು ಜಗತ್ತೆಲ್ಲ ಬಳಸುವ ಫಿಗೋ (ಹೆರಿಗೆ ಮತ್ತು ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ಅಂಕಗಳ ಬೇರು ಅಲ್ಲಿದೆ. ಆರು ಅಥವಾ ಅದಕ್ಕಿಂತ ಕಡಿಮೆ ಅಂಕವಾದರೆ ಒಂದೇ ಮದ್ದು, ಏಳು ಮತ್ತು ಮೇಲಾದರೆ ಹಲವು ಮದ್ದುಗಳ ಜೋಡಣೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಕೆಲಸ. 1973ರಲ್ಲಿ ಬ್ರಿಟನ್ನಿನಲ್ಲಿ ಒಂದು ನೋಂದಣಿ ಶುರುವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಶುರುವಾದದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಬ್ರಿಟನ್ನಿನ ಯಾವ ಮೂಲೆಯಲ್ಲಿ ಯಾವ ಹೆಂಗಸಿಗೆ ಮೋಲಾರ್ ಬಸಿರು ಆಗಲಿ, ಅವಳ ಹೆಸರು, ವಿಳಾಸ ಮೂರು ಕೇಂದ್ರಗಳಲ್ಲಿ ಒಂದಕ್ಕೆ ಹೋಗಬೇಕು: ಲಂಡನ್, ಶೆಫೀಲ್ಡ್, ಡಂಡೀ. ಕೇಂದ್ರದಿಂದ ಅವಳ ಮನೆಗೆ ಅಂಚೆಯಲ್ಲಿ ಒಂದು ಸಣ್ಣ ಪೆಟ್ಟಿಗೆ ಬರುತ್ತದೆ, ಒಳಗೆ ಖಾಲಿ ಶೀಶೆ. ಅವಳು ಮಾದರಿ ತುಂಬಿ ಮತ್ತೆ ಅಂಚೆಗೆ ಹಾಕುತ್ತಾಳೆ. ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಅವಳು ಲಂಡನ್ನಿಗೆ ಓಡಬೇಕಿಲ್ಲ. ಸಂಖ್ಯೆ ಇಳಿಯುತ್ತಾ ಹೋದರೆ ಸುಮ್ಮನೆ ಕಾಯುತ್ತಾರೆ. ನಿಂತರೆ ಅಥವಾ ಏರಿದರೆ ಕೂಡಲೇ ಕರೆಯುತ್ತಾರೆ.

ಇದರ ಫಲ ನೋಡಿ. ಪೂರ್ತಿ ಮೋಲಾರ್ ಆದ 100 ಹೆಂಗಸರಲ್ಲಿ ಸುಮಾರು 15 ಮಂದಿಗೆ ಮಾತ್ರ ಮದ್ದು ಬೇಕಾಗುತ್ತದೆ. ಉಳಿದವರ ಹಾರ್ಮೋನು ತಾನಾಗೇ ಸೊನ್ನೆಗೆ ಇಳಿಯುತ್ತದೆ. ಆ 15 ಮಂದಿ ಯಾರು ಅಂತ ಮೊದಲ ದಿನ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲ 100 ಮಂದಿಯನ್ನೂ ಹಿಂಬಾಲಿಸಿದರೆ ಮಾತ್ರ ಆ 15 ಮಂದಿ ಸಿಗುತ್ತಾರೆ. ಬೇಗ ಸಿಕ್ಕರೆ, ಕಡಿಮೆ ಅಪಾಯದ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣವಾಗುತ್ತಾರೆ. ಗರ್ಭಕೋಶ ಉಳಿಯುತ್ತದೆ, ಮುಂದೆ ಮಕ್ಕಳೂ ಆಗುತ್ತವೆ. ಹೆಚ್ಚು ಅಪಾಯದವರಿಗೆ ಚಾರಿಂಗ್ ಕ್ರಾಸಿನವರೇ ರೂಪಿಸಿದ ಐದು ಮದ್ದುಗಳ ಜೋಡಣೆ ಇದೆ. ಅದರಿಂದ ಅವರಲ್ಲೂ ಬಹುಪಾಲು ಮಂದಿ ಬದುಕುತ್ತಾರೆ. ಬ್ಯಾಗ್‌ಶಾ 2022ರಲ್ಲಿ, 97ನೇ ವಯಸ್ಸಿನಲ್ಲಿ ತೀರಿಕೊಂಡರು.

ಮದ್ದು ಕಂಡುಹಿಡಿದದ್ದು ಅರ್ಧ ಕೆಲಸ. ಇನ್ನರ್ಧ ಆ ಅಂಚೆಯ ಶೀಶೆ. ನನ್ನ ಹುಡುಗಿ ಸತ್ತದ್ದು ಮದ್ದಿಲ್ಲದೆ ಅಲ್ಲ, ಅವಳ ಮನೆಗೆ ಅಂಥ ಶೀಶೆ ಹೋಗಲಿಲ್ಲವಾದ್ದರಿಂದ.

ಸಂಶೋಧನೆ ಅಲ್ಲಿಗೆ ನಿಂತಿಲ್ಲ. 1977ರಲ್ಲಿ ಜಪಾನಿನ ಕಾಜಿ ಮತ್ತು ಓಹಾಮ ಒಂದು ವಿಚಿತ್ರ ಸಂಗತಿ ತೋರಿಸಿದರು: ಪೂರ್ತಿ ಮೋಲಾರ್ ಬಸಿರಿನಲ್ಲಿ ವರ್ಣತಂತುಗಳೆಲ್ಲ ತಂದೆಯ ಕಡೆಯವು. ತಾಯಿಯ ಅಂಡದಲ್ಲಿ ಅವಳ ಪಾಲಿನ ವರ್ಣತಂತುಗಳೇ ಇರುವುದಿಲ್ಲ. ಈ ಮಾತನ್ನು ಹಳ್ಳಿಗಳಲ್ಲಿ ಹುಷಾರಾಗಿ ಹೇಳಿ. ಸೊಸೆಯನ್ನು ಬೈಯುವ ಅತ್ತೆಗೂ ಇದು ಉತ್ತರವಲ್ಲ, ಗಂಡನನ್ನು ದೂರಲೂ ಇದು ಕಾರಣವಲ್ಲ. ಯಾರ ತಪ್ಪೂ ಇಲ್ಲದೆ, ಬಸಿರು ನಿಲ್ಲುವ ಗಳಿಗೆಯಲ್ಲಿ ನಡೆದುಹೋಗುವ ಅವಘಡ. ಹೊಟ್ಟೆಯಲ್ಲಿ ಏನೋ ದೋಷ, ಯಾರೋ ಮಾಟ ಮಾಡಿಸಿದ್ದಾರೆ ಎಂದು ಮೂಲೆಯಲ್ಲಿ ಅಳುತ್ತಾ ಕೂತ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ತಂದೆಯ ಕಡೆಯಿಂದ ಬಂದ ಈ ಕೋಶಗಳು ತಾಯಿಯ ಮೈಗೆ ಒಂದು ರೀತಿಯಲ್ಲಿ ಪರಕೀಯ. ಆದರೂ ಅವಳ ರೋಗನಿರೋಧಕ ಶಕ್ತಿ ಸುಮ್ಮನಿರುತ್ತದೆ. ಬಸಿರಿನಲ್ಲಿ ಮಗುವನ್ನು ಕಾಯಲು ಮಾಸು ಬಳಸುವ ತಡೆಯನ್ನೇ ಈ ಕ್ಯಾನ್ಸರೂ ಬಳಸಿಕೊಳ್ಳುತ್ತದೆ. ಆ ತಡೆಯನ್ನು ತೆಗೆದುಬಿಟ್ಟರೆ? 2017ರಲ್ಲಿ ಚಾರಿಂಗ್ ಕ್ರಾಸಿನ ಮೈಕೆಲ್ ಸೆಕ್ಲ್ ಅವರ ತಂಡ ಬೇರೆಲ್ಲ ಮದ್ದಿಗೂ ಬಗ್ಗದ ರೋಗವಿದ್ದ ನಾಲ್ಕು ಹೆಂಗಸರಿಗೆ ಆ ತಡೆಯನ್ನು ತೆಗೆಯುವ ಪೆಂಬ್ರೋಲಿಜುಮ್ಯಾಬ್ ಎಂಬ ಮದ್ದು ಕೊಟ್ಟ ವರದಿ ಪ್ರಕಟಿಸಿತು. ಮೂವರಲ್ಲಿ ರೋಗ ಹೋಯಿತು. 2020ರಲ್ಲಿ ಫ್ರಾನ್ಸಿನವರು ಮೆಥೋಟ್ರೆಕ್ಸೇಟಿನಂಥ ಮದ್ದಿಗೆ ಬಗ್ಗದ 15 ಹೆಂಗಸರಿಗೆ ಇದೇ ಜಾತಿಯ ಅವೆಲುಮ್ಯಾಬ್ ಕೊಟ್ಟರು. ಎಂಟು ಮಂದಿಯ ಎಚ್‌ಸಿಜಿ ಸಹಜಕ್ಕೆ ಇಳಿಯಿತು, ಅವರಲ್ಲೊಬ್ಬಳು ಆಮೇಲೆ ಬಸುರಿಯೂ ಆದಳು. ಈ ಮದ್ದುಗಳು ಇವತ್ತು ನಮ್ಮ ಜನರ ಕೈಗೆ ಎಟಕುವ ಬೆಲೆಯಲ್ಲಿಲ್ಲ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಅವು ಬೇಕಾಗುವುದೂ ಇಲ್ಲ. ಬೇಕಾಗಿರುವುದು ಎಪ್ಪತ್ತು ವರ್ಷ ಹಳೆಯ ಮೆಥೋಟ್ರೆಕ್ಸೇಟ್, ಅದೂ ಸಕಾಲಕ್ಕೆ.

ಈಗ ನಿಮಗೆ ನೇರವಾಗಿ ಎರಡು ಮೂರು ಮಾತು.

ನಿಶ್ಚಯ್ ಪಟ್ಟಿ ಬಸಿರನ್ನು ಗುರುತಿಸಲು ಚೆನ್ನಾಗಿದೆ. ಮೋಲಾರ್ ಆದವಳ ಮೇಲೆ ನಿಗಾ ಇಡಲು ಅದು ಸಾಲದು. ಪಟ್ಟಿಯಲ್ಲಿ ಗೆರೆ ಮೂಡದಷ್ಟು ಕಡಿಮೆ ಹಾರ್ಮೋನು ಇನ್ನೂ ರಕ್ತದಲ್ಲಿ ಇರಬಹುದು. ನನ್ನ ಸ್ಲೈಡ್ ಪರೀಕ್ಷೆ ನನಗೆ ಮೋಸ ಮಾಡಿದ್ದು ಹಾಗೇ. ಇದರ ಉಲ್ಟಾ ಕೂಡ ಆಗುತ್ತದೆ: ಮೋಲಾರ್ ಇರುವಾಗ ಹಾರ್ಮೋನು ಎಷ್ಟು ವಿಪರೀತ ಇರುತ್ತದೆಂದರೆ, ಪಟ್ಟಿ ತಬ್ಬಿಬ್ಬಾಗಿ ಬಸಿರಿಲ್ಲ ಎಂದು ತೋರಿಸಿಬಿಡಬಹುದು. ಹಾಗಾಗಿ ಮುಟ್ಟು ನಿಂತು, ಹೊಟ್ಟೆ ದೊಡ್ಡದಾಗಿ, ವಾಂತಿ ಮತ್ತು ರಕ್ತಸ್ರಾವ ಇದ್ದರೆ, ಪಟ್ಟಿ ಏನೇ ಹೇಳಲಿ, ಸ್ಕ್ಯಾನಿಂಗಿಗೆ ಕಳಿಸಿ. ಮೋಲಾರ್ ತೆಗೆದ ಮೇಲೆ ರಕ್ತದ ಬೀಟಾ ಎಚ್‌ಸಿಜಿ ಪರೀಕ್ಷೆಯೇ ಆಗಬೇಕು, ಒಂದರ ಹಿಂದೆ ಒಂದು, ಡಾಕ್ಟರು ಸಾಕು ಎನ್ನುವವರೆಗೆ. ಅಲ್ಲಿಯ ತನಕ ಅವಳು ಮತ್ತೆ ಬಸುರಿಯಾಗಬಾರದು. ಬಸುರಿಯಾದರೆ, ಹಾರ್ಮೋನು ಏರಿದ್ದು ಬಸಿರಿನಿಂದಲೋ ರೋಗದಿಂದಲೋ ತಿಳಿಯುವುದಿಲ್ಲ. ಇದನ್ನು ಗಂಡನಿಗೂ ಅತ್ತೆಗೂ ಕೂರಿಸಿ ಹೇಳಬೇಕು. ಬರೀ ಬನ್ನಿ ಅಂದರೆ ಯಾರೂ ಬರುವುದಿಲ್ಲ. ಯಾಕೆ ಬರಬೇಕು ಅಂತ ತಿಳಿದರೆ ಕೂಲಿ ಬಿಟ್ಟಾದರೂ ಬರುತ್ತಾರೆ.

ಇನ್ನೊಂದು: ಹೆರಿಗೆಯೋ ಗರ್ಭಪಾತವೋ ಆಗಿ ವಾರಗಳಾದರೂ ರಕ್ತ ನಿಲ್ಲದ, ಕೆಮ್ಮಿದರೆ ರಕ್ತ ಬರುವ ಹೆಂಗಸು ಸಿಕ್ಕರೆ, ಕಫ ಪರೀಕ್ಷೆ ಮಾಡಿಸಿ, ಖಂಡಿತ ಮಾಡಿಸಿ. ಜೊತೆಗೇ, ಹೋದ ಬಸಿರು ಏನಾಯಿತಮ್ಮಾ ಎಂದೂ ಕೇಳಿ. 1987ರಲ್ಲಿ ಆ ಒಂದು ಪ್ರಶ್ನೆಯನ್ನು ಯಾರೂ ಅವಳಿಗೆ ಕೇಳಲಿಲ್ಲ.

ಮೆಥೋಟ್ರೆಕ್ಸೇಟ್ ಚಿಕಿತ್ಸೆಯಲ್ಲಿರುವವಳಿಗೆ ನಿಮ್ಮ ಕೆಂಪು ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಕೊಡಬೇಡಿ. ಕಾರಣ ನಿಮಗೀಗ ಗೊತ್ತಿದೆ: ಮದ್ದು ಫೋಲಿಕ್ ಆಮ್ಲದ ವಿರುದ್ಧ ಕೆಲಸ ಮಾಡುತ್ತದೆ. ಚಿಕಿತ್ಸೆಯ ಮಧ್ಯೆ ಫೋಲಿನಿಕ್ ಆಮ್ಲ ಎಂಬ ಬೇರೆ ಔಷಧವನ್ನು ಲೆಕ್ಕ ಹಾಕಿ, ದಿನ ಗೊತ್ತುಮಾಡಿ ಅವರೇ ಕೊಡುತ್ತಾರೆ.

ಆ ಹುಡುಗಿ ಹೋದ ವಾರವೇ ನಾನೊಂದು ಉದ್ದನೆಯ ನೋಟ್‌ಬುಕ್ ಕೊಂಡೆ. ಮೋಲಾರ್ ಆದ ಪ್ರತಿ ಹೆಂಗಸಿಗೂ ಒಂದು ಸಾಲು. ಗಂಡನ ಮನೆಯ ವಿಳಾಸ, ತವರಿನ ವಿಳಾಸ, ಹತ್ತಿರದ ಅಂಗಡಿಯವರ ಹೆಸರು. ತವರಿನ ವಿಳಾಸ ಮರೆಯಬೇಡಿ, ಮೈ ಸರಿಯಿಲ್ಲ ಅಂದರೆ ನಮ್ಮ ಹುಡುಗಿಯರು ಹೋಗುವುದು ಅಲ್ಲಿಗೇ. ಬರದಿದ್ದರೆ ಕಾರ್ಡು ಬರೆಯುತ್ತಿದ್ದೆ. ಬೀಟಾ ಎಚ್‌ಸಿಜಿ ನಮ್ಮೂರಲ್ಲಿ ಆಗುತ್ತಿರಲಿಲ್ಲ. ರಕ್ತ ತೆಗೆದು, ಥರ್ಮಾಸಿನಲ್ಲಿ ಮಂಜುಗಡ್ಡೆ ಹಾಕಿ, ಬೆಳಗಿನ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ ಕೈಗೆ ಕೊಡುತ್ತಿದ್ದೆವು. ಒಬ್ಬ ಕಂಡಕ್ಟರು ಮೂರು ವರ್ಷ ಒಂದು ದಿನವೂ ಬೇಸರಪಡದೆ ಒಯ್ದರು. ಅವರಿಗೆ ಅದರೊಳಗೆ ಏನಿದೆ ಅಂತ ಗೊತ್ತಿತ್ತು. "ಸೊನ್ನಿ ಬಂತೇನ್ರೀ ಬಾಯಾರ?" ಅಂತ ಸಂಜೆ ಕೇಳುತ್ತಿದ್ದರು.

ನಿವೃತ್ತಿಯಾಗುವ ಹೊತ್ತಿಗೆ ಆ ಪುಸ್ತಕದಲ್ಲಿ 74 ಸಾಲು. ಒಂಬತ್ತು ಮಂದಿಯನ್ನು ಮದ್ದಿಗೆ ಕಳಿಸಬೇಕಾಯಿತು. ಒಂಬತ್ತೂ ಜನ ಮರಳಿ ಬಂದರು. ಎಪ್ಪತ್ತೊಂದು ಸಾಲಿನ ಕೊನೆಯಲ್ಲಿ ಸೊನ್ನೆ ಬರೆದು ಸುತ್ತ ಗೀಟು ಹಾಕಿದ್ದೇನೆ. ಮೂರು ಸಾಲು ಇನ್ನೂ ಖಾಲಿ. ಎರಡು ಬಹಳ ಹಳೆಯವು, ಆ ಊರುಗಳಿಗೆ ನಾನೇ ಹೋಗಿ ಬಂದೆ, ಮನೆಯೇ ಇರಲಿಲ್ಲ. ಮೂರನೆಯವಳು 2016ರಲ್ಲಿ ಬಂದವಳು, ಕೂಲಿಗೆಂದು ಗೋವೆಗೆ ಹೋಗಿದ್ದಾರೆ ಎಂದಷ್ಟೇ ಗೊತ್ತಾಗಿತ್ತು. ಅವರ ಕುಟುಂಬ ಊರಿಗೆ ಮರಳಿದೆ ಅಂತ ಹೋದ ವಾರ ಯಾರೋ ಅಂದರು.

ಪುಸ್ತಕ ಚೀಲದಲ್ಲೇ ತಂದಿದ್ದೇನೆ. ಹೆಸರನ್ನು ಇಲ್ಲಿ ಮೈಕಿನಲ್ಲಿ ಹೇಳುವುದಿಲ್ಲ. ನದಿಯ ಆಚೆ ದಡದ ಹಳ್ಳಿಗಳಿಂದ ಬಂದ ಆಶಾ ಅಕ್ಕಂದಿರು ಊಟಕ್ಕೆ ಏಳುವ ಮುಂಚೆ ಒಂದು ನಿಮಿಷ ನನ್ನ ಹತ್ತಿರ ಬನ್ನಿ.